ಕೆಳಗಿಳಿಯುವ ಗೆರೆ

ಗ್ರಾಫು ತಲೆಕೆಳಗಾಗಿದೆ ಎಂಬುದು ಜಂಬುನಾಥನಿಗೆ ಹೊಳೆದದ್ದು ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ, ದುರ್ಗೇಶ್ ಎಂಬ ಗಟ್ಟಿಮುಟ್ಟಾದ ಯುವಕ ಆಗತಾನೇ ಕಿವಿಗೆ ಹಾಕಿಸಿಕೊಂಡ ಶ್ರವಣಯಂತ್ರವನ್ನು ಬಿಚ್ಚಿ ಜೇಬಿಗಿಳಿಸಿ, ಕಂಬದ ಮರೆಯಲ್ಲಿ ನಿಂತು ಮೊಬೈಲಿನಲ್ಲಿ ಯಾರೊಂದಿಗೋ ಪಿಸುಗುಡುತ್ತಿದ್ದಾಗ. ಅತ್ತ ಕಡೆಯವರೂ ಪಿಸುಗುಡುತ್ತಿದ್ದಿರಬೇಕು, ಏಕೆಂದರೆ ಅವನು ನಡುನಡುವೆ ನಾಚಿ ನಗುತ್ತಿದ್ದ. ಜಂಬುನಾಥನ ಎದುರಿನ ಲ್ಯಾಪ್‌ಟಾಪಿನಲ್ಲಿ ಅದೇ ದುರ್ಗೇಶನ ಹೆಸರಿನ ಮುಂದೆ ‘ತೀವ್ರ ಕಿವುಡು’ ಎಂದಿತ್ತು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಯಾವುದೋ ಮದುವೆಯ ಥರ್ಮಾಕೋಲ್ ಅಕ್ಷರಗಳು ವೇದಿಕೆಯ ಗೋಡೆಯ ಮೇಲೆ ಇನ್ನೂ ಅರ್ಧಂಬರ್ಧ ಅಂಟಿಕೊಂಡಿದ್ದವು. ರೈಸ್ ಮಿಲ್ಲುಗಳ ಹೊಟ್ಟಿನ ಧೂಳು ಕಿಟಕಿಯಿಂದ ತೂರಿ ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಅವನು ಅದನ್ನು ಬೆರಳಿನಿಂದ ಒರೆಸಿದ, ಮತ್ತೆ ಒರೆಸಿದ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಜನ ನಾವು, ಹುಡುಗ ಸುಳ್ಳು ಹೇಳಿ ತೆಗೆದುಕೊಂಡಿರಬಹುದು ಎಂದು ಒಂದು ಗಳಿಗೆ ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಹುಡುಗನನ್ನು ಕರೆಸಿದ್ದು ಹುಡುಗನ ಸುಳ್ಳಲ್ಲ, ತಾನು ಬರೆದ ಪ್ರೋಗ್ರಾಂ.

ಆ ಪ್ರೋಗ್ರಾಂ ಅವನ ಜೀವನದ ಒಂದೇ ಒಂದು ಹೆಮ್ಮೆ. ಬಳ್ಳಾರಿಯಲ್ಲಿ ಜೀನ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಕೆಳಗಿನ ಹೊಲಿಗೆ ಯಂತ್ರಗಳ ಸದ್ದಿಗೆ ನೆಲವೇ ಗುಂಯ್‌ಗುಡುವ ಕೋಣೆಯಲ್ಲಿ ಕುಳಿತು ಅದನ್ನು ಬರೆದಿದ್ದ. ಮೊದಲು ಅದು ಕಬ್ಬಿಣ ಪರೀಕ್ಷೆ ಮಾಡುವ ಲ್ಯಾಬಿನವರಿಗೆಂದು. ಕಾಗದದ ಮೇಲಿನ ಗ್ರಾಫನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತರುವುದು, ಚೌಕಟ್ಟಿನ ಕೆಳಗಿನ ಮೂಲೆಯ ಮೇಲೊಮ್ಮೆ, ಮೇಲಿನ ಮೂಲೆಯ ಮೇಲೊಮ್ಮೆ ಮೌಸ್ ಒತ್ತುವುದು, ಅಳತೆಯ ಕನಿಷ್ಠ ಗರಿಷ್ಠಗಳನ್ನು ಟೈಪ್ ಮಾಡುವುದು. ಆಮೇಲೆ ಗೆರೆಯ ಮೇಲೆ ಎಲ್ಲಿ ಒತ್ತಿದರೂ ಆ ಬಿಂದುವಿನ ಬೆಲೆ ಪಕ್ಕದಲ್ಲಿ ಮೂಡುತ್ತಿತ್ತು. ಇದರಲ್ಲಿ ಒಂದು ತೊಡಕಿತ್ತು. ಕಂಪ್ಯೂಟರು ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ, ಶಾಲೆಯಲ್ಲಿ ಕಲಿತ ಗ್ರಾಫು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಅದನ್ನು ತಿರುಗಿಸಿ ಕೂಡಿಸಲು ಒಂದೇ ಒಂದು ಸಾಲು ಬರೆದು, ಅದು ಸರಿ ಬಂದ ಸಂಜೆ ಒಬ್ಬನೇ ಹೋಗಿ ಒಗ್ಗರಣೆ ಮಿರ್ಚಿ ತಿಂದು ಬಂದಿದ್ದ. ಕನಿಷ್ಠ ಎಂದರೆ ಕೆಳಗೆ, ಗರಿಷ್ಠ ಎಂದರೆ ಮೇಲೆ. ಲೋಕದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಏನಿದೆ ಅನ್ನಿಸಿತ್ತು. ಆಮೇಲೆ, ಈಗ ಇಲ್ಲಿ ಯಂತ್ರ ಹಂಚುತ್ತಿರುವ ಈ ಟ್ರಸ್ಟಿನವರು ಬಂದರು. ಮಿಲ್ಲುಗಳಲ್ಲಿ ದುಡಿದು ಕಿವಿ ಕಳೆದುಕೊಂಡವರಿಗಾಗಿ ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ಶಿಬಿರ ಮಾಡಿದ್ದರು. ಕಿವಿ ಪರೀಕ್ಷೆ ಮಾಡುವ ಸುಮಂಗಲಾ ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡಿನ ಮೇಲೆ ಕೈಯಲ್ಲೇ ಗ್ರಾಫು ಬರೆದಿದ್ದಳು, ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಯಂತ್ರ ಯಾರಿಗೆ ಕೊಡಬೇಕೆಂದು ಆರಿಸಲು ಯಾರ ಕಿವಿ ಎಷ್ಟು ಕೆಟ್ಟಿದೆ ಎಂದು ಸಂಖ್ಯೆಗಳಾಗಿ ಬೇಕಿತ್ತು. ಜಂಬುನಾಥ ವಾರಗಟ್ಟಲೆ ಕೂತು ಕೆಂಪು ಸೊನ್ನೆಗಳ ನಟ್ಟನಡುವೆ ಮೌಸ್ ಒತ್ತಿದ. ಕಣ್ಣು ಮುಚ್ಚಿದರೂ ಕೆಂಪು ಸೊನ್ನೆಗಳು.

ಆ ಕಾರ್ಡುಗಳಲ್ಲಿ ಚೆನ್ನಾಗಿ ಕೇಳಿಸುವವರ ಗೆರೆ ಮೇಲಿರುತ್ತದೆ. ಕಿವಿ ಕೆಟ್ಟಷ್ಟೂ ಗೆರೆ ಕೆಳಗಿಳಿಯುತ್ತದೆ, ಸಂಖ್ಯೆ ಮಾತ್ರ ದೊಡ್ಡದಾಗುತ್ತ ಹೋಗುತ್ತದೆ. ಕನಿಷ್ಠ ಮೇಲೆ, ಗರಿಷ್ಠ ಕೆಳಗೆ. ಇದು ಅವನಿಗೆ ಗೊತ್ತೇ ಇರಲಿಲ್ಲ ಎನ್ನಬಹುದಿತ್ತು, ಮನಸ್ಸು ಈಗ ಅದನ್ನೇ ಅನ್ನಲು ಹವಣಿಸುತ್ತಿತ್ತು. ಆದರೆ ಮೂರನೆಯದೋ ನಾಲ್ಕನೆಯದೋ ಕಾರ್ಡಿನಲ್ಲಿ ಅಂಚಿನ ಅಂಕಿಗಳು ಕೆಳಮುಖವಾಗಿ ಬೆಳೆಯುತ್ತಿರುವುದು ಕಣ್ಣಿಗೆ ಬಿದ್ದಿತ್ತು. ಬೆರಳು ಮೌಸಿನ ಮೇಲೆ ಒಂದು ಕ್ಷಣ ನಿಂತಿತ್ತು. ಸುಮಂಗಲಾಗೆ ಒಂದು ಫೋನು ಹಚ್ಚಿದ್ದರೆ ಮುಗಿಯುತ್ತಿತ್ತು. ಹಚ್ಚಲಿಲ್ಲ. ಕಾರ್ಡುಗಳ ಕಟ್ಟು ಕೊಟ್ಟ ದಿನ ಆಕೆ “ನೀವು ಇಂಜಿನಿಯರ್ರಾ?” ಎಂದು ಕೇಳಿದ್ದಳು. ಅವನು “ಹ್ಞೂಂ, ಅಂಥಾದ್ದ” ಎಂದಿದ್ದ. ಮೂರನೆಯ ವರ್ಷಕ್ಕೆ ಇಂಜಿನಿಯರಿಂಗ್ ಬಿಟ್ಟವನನ್ನು ಬೇರೆ ಏನೆನ್ನುತ್ತಾರೆ. ಆ ‘ಅಂಥಾದ್ದ’ ಆಕೆಗೆ ಅರ್ಥವಾಗಿಹೋಗಿತ್ತು, ದನಿ ತಟ್ಟನೆ ಮೆತ್ತಗಾಗಿತ್ತು. “ಕಾರ್ಡ್ ತಿಳೀಲಿಲ್ಲ ಅಂದ್ರ ಕೇಳ್ರಿ, ನಾಚಿಕಿ ಬ್ಯಾಡ” ಎಂದಿದ್ದಳು. ಬೈದಿದ್ದರೆ ಕೇಳುತ್ತಿದ್ದನೇನೋ. ನಾಚಿಕಿ ಬ್ಯಾಡ ಎಂದದ್ದಕ್ಕೇ ಬಾಯಿ ಕಟ್ಟಿಹೋಯಿತು. ಒಂದು ಮಾತಿನ ಕರುಣೆ ಇಷ್ಟು ಜನರ ಕಿವಿಯನ್ನು ತಿರುಗಿಸಿಹಾಕಿತೆಂದರೆ ಯಾರು ನಂಬುತ್ತಾರೆ. ಅವನಿಗೇ ನಂಬಲು ಅಸಹ್ಯವಾಯಿತು.

ಈಗ ಎದ್ದು ‘ನಿಲ್ಲಿಸಿ’ ಎನ್ನಬೇಕು. ಇಷ್ಟೇ. ಯಂತ್ರಗಳ ಪೆಟ್ಟಿಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿಯೇ ಇದೆ. ಆದರೆ ವೇದಿಕೆಯ ಮೇಲೆ ದಾನಿಗಳಿಗೆ ಶಾಲು ಹೊದಿಸುತ್ತಿದ್ದರು, ಫೋಟೋದವನು ಎಲ್ಲರಿಗೂ ಒತ್ತಾಗಿ ನಿಲ್ಲಿರಿ ಎನ್ನುತ್ತಿದ್ದ. ಈ ನಡುವೆ ತಾನು ಎದ್ದು, ಅಂಗಿಯ ಬೆವರಿನ ಕಲೆಯೊಂದಿಗೆ, ಅಲ್ಲಿಗೆ ನಡೆದುಹೋಗಿ... ಅವನು ಎದ್ದ. ಎದ್ದವನು ನೀರು ಕುಡಿದು ಬಂದು ಕುಳಿತ. ಅಷ್ಟರಲ್ಲಿ ಯಂತ್ರ ಜೋಡಿಸುವ ಒಳಕೋಣೆಯಿಂದ ಸುಮಂಗಲಾ ಹೊರಗೆ ಬಂದಳು. ಕೊರಳಲ್ಲಿ ಗುರುತಿನ ಕಾರ್ಡು, ಹಣೆಯಲ್ಲಿ ಗಂಟು.

“ಜಂಬುನಾಥ್ ಅವರೇ, ಲಿಸ್ಟ್‌ನಾಗ ಏನೋ ಹೆಚ್ಚುಕಮ್ಮಿ ಆಗೇತೇನ್ರಿ? ಈಗ ಬಂದಾರಲ್ಲ ಇಬ್ಬರು, ನಾನು ಹಿಂದಿನಿಂದ ಕರದ್ರ ಹೊಳ್ಳಿ ನೋಡಿದ್ರು.”

“ಸಾಫ್ಟ್‌ವೇರ್ ಪ್ರಾಬ್ಲಂ ಇರಬೇಕು ಮೇಡಂ. ಒಂದೆರಡು ಹಂಗ ಆಕ್ಕಾವು. ಆಫೀಸಿಗೆ ಹೋಗಿ ನೋಡ್ತೀನಿ.”

“ಒಂದೆರಡು ಆದ್ರ ಪರವಾಗಿಲ್ಲ,” ಎಂದು ಆಕೆ ಒಳಗೆ ಹೋದಳು. ಆಕೆಗೆ ಬೆಳಗಿನಿಂದ ಕೂರಲು ಬಿಡುವಿರಲಿಲ್ಲ, ಯಾರಾದರೂ ಸರಿ ಎಂದರೆ ಸಾಕಾಗಿತ್ತು. ಒಂದೆರಡು ಎಂದು ತಾನು ಹೇಗೆ ಹೇಳಿದೆ ಎಂದು ಜಂಬುನಾಥ ಬೆರಗಾದ. ಬಾಯಿ ತಾನಾಗಿಯೇ ತೆರೆದು ಹೇಳಿತ್ತು.

ಆಗ ಮೇಜಿನ ಎದುರು ಬಂದು ನಿಂತವಳು ಜಡೆಮ್ಮ. ಹೆಸರು ಗೊತ್ತಾದದ್ದು ಆಕೆ ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ಆಧಾರ್ ಕಾರ್ಡಿನಿಂದ. ಕುರುಗೋಡಿನವಳು. ಒಣಗಿದ ಮೈ, ಹೊಟ್ಟಿನ ಧೂಳು ಕುಡಿದು ಕುಡಿದು ಕೆಂಪಾದ ಕಣ್ಣು. ಇಲ್ಲಿಯ ಮಿಲ್ಲಿನಲ್ಲೇ ಭತ್ತದ ಸಿಪ್ಪೆ ಸುಲಿಯುವ ಹುಲ್ಲರ್ ಯಂತ್ರದ ಬದಿಗೆ ನಿಂತು ಕಸ ಹೊಡೆಯುತ್ತ ವಯಸ್ಸು ಕಳೆದವಳು. ಆಕೆಯ ದನಿಗೆ ಮಂಟಪವೇ ತಿರುಗಿ ನೋಡಿತು.

“ನನಗ ಕಿವಿ ಚೊಲೋ ಅದಾವಂತ ಫೋನಿಗೆ ಬರದು ಕಳಿಸೀರಿ! ಸೊಸಿ ಸರೋಜಾ ಓದಿದ್ಲು! ಯಾರು ಬರದೋರು?”

ಜಂಬುನಾಥ ಪರದೆ ನೋಡಿದ. ಜಡೆಮ್ಮ, ಶ್ರವಣ ಸಾಮಾನ್ಯ, ಯಂತ್ರ ಅಗತ್ಯವಿಲ್ಲ.

“ಬರದು ಕಳಿಸಿದ ದಿನಾನ ಹಬ್ಬ ಆತು ನಮ್ಮ ಮನ್ಯಾಗ! ಬೇಕಾದ್ದು ಕೇಳಿಸ್ತತಿ, ಬ್ಯಾಡಾದ್ದು ಕೇಳಂಗಿಲ್ಲ ಅಂತಾಳ ಸರೋಜಾ! ಕೂಸು ತೊಟ್ಟಿಲದಾಗ ಅತ್ತತ್ತು ನೀಲಿಗಟ್ಟಿತ್ತಂತ, ನಾನು ಬಾಜೂಕ ಕುಂತು ಅವರಿಕಾಯಿ ಸುಲೀತಿದ್ನಿ! ಬೇಕಂತನ ಅಳಾಕ ಬಿಟ್ಟಾಳ ಮುದುಕಿ, ನಾಟಕ ಮಾಡ್ತಾಳ ಅಂತ ಓಣಿಗೆಲ್ಲ ಹೇಳ್ಯಾಳ! ಈಗ ಕೂಸಿನ್ನ ನನ್ನ ಕೈಗೆ ಕೊಡಂಗಿಲ್ಲ! ನನಗ ಮಷಿನ್ ಬ್ಯಾಡಪ, ಕೊಡಬ್ಯಾಡ, ನಾನು ಸುಳ್ಳಿ ಅಲ್ಲ ಅಂತ ಒಂದು ಚೀಟಿ ಬರಕೊಡು!”

ಸಾಲಿನಲ್ಲಿದ್ದ ಕೆಲವರು ನಕ್ಕರು. ಕಂಬದ ಬಳಿಯ ದುರ್ಗೇಶನೂ ಫೋನು ಮುಚ್ಚಿಹಿಡಿದು ನಕ್ಕ. ಜಂಬುನಾಥನಿಗೆ ಕಿವಿ ಬಿಸಿಯಾಯಿತು. “ಮುಂದಿನ ಸಲ ಬರ್ರಿ ಅಜ್ಜಿ, ಮತ್ತೊಂದು ಲಿಸ್ಟ್ ಬರ್ತತಿ, ನೋಡೋಣು” ಎಂದ, ಸಾಧಾರಣ ದನಿಯಲ್ಲಿ, ಯಾರಿಗೂ ಕೇಳಬಾರದೆಂಬಂತೆ. ಜಡೆಮ್ಮ ಅವನ ಮುಖವನ್ನೇ ನೋಡಿ ತಲೆಯಾಡಿಸಿದಳು. ಮತ್ತೆ ತಲೆಯಾಡಿಸಿದಳು. ಗೋಡೆಯ ಬದಿಗೆ ಹೋಗಿ ಕುಳಿತಳು, ಯಾರೋ ಚೀಟಿ ಬರೆದು ತಂದುಕೊಡುತ್ತಾರೆ ಎಂಬಂತೆ. ಆ ತಲೆಯಾಡಿಸುವಿಕೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಉಚ್ಚಂಗೆಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನ ಸದ್ದಿಗೆ ಕಿವಿ ಕಳೆದುಕೊಂಡು, ಮನೆಗೆ ಬಂದರೆ ಹೀಗೇ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಮನೆಯವರಿಗೆಲ್ಲ ಅದು ಎಷ್ಟು ಅನುಕೂಲವಾಗಿತ್ತು. ಕೂಗಿ ಹೇಳಿದರೆ ಬೇಡವೆನ್ನುವ ಮಾತನ್ನು ಮೆಲ್ಲಗೆ ಹೇಳಿದರೆ ಹೂಂ ಎನ್ನುತ್ತಿದ್ದ. ಅಕ್ಕನಿಗೆ ಗಂಡು ಗೊತ್ತಾದದ್ದು ಹಾಗೆ, ಕೊಳಗಲ್ಲಿನ ಹೊಲ ಹೋದದ್ದು ಹಾಗೆ. ಕೇಳಿದೆವಲ್ಲ, ಹೂಂ ಅಂದನಲ್ಲ ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಅಪ್ಪ ಪಡಸಾಲೆಯಲ್ಲಿ ಕುಳಿತು ಎಲ್ಲರ ಬಾಯಿಗಳನ್ನು ಒಂದೊಂದಾಗಿ ನೋಡುತ್ತಿದ್ದ. ನೋಡಿ ಸುಸ್ತಾದ ಮೇಲೆ ಅಂಗಳ ನೋಡುತ್ತಿದ್ದ.

ಊಟದ ಹೊತ್ತಿಗೆ ಜಂಬುನಾಥ ಲ್ಯಾಪ್‌ಟಾಪು ಹೊತ್ತು ಪಾತ್ರೆ ಇಡುವ ಕೋಣೆಗೆ ಹೋದ. ದೊಡ್ಡ ಅನ್ನದ ಬಾಂಡಲೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತ. ಜಡೆಮ್ಮನ ಕಾರ್ಡು ತೆರೆದ. ಕೆಂಪು ಸೊನ್ನೆಗಳು ಕಾಗದದ ತಳದಲ್ಲಿ, ಬಾವಿಗೆ ಬಿದ್ದವರಂತೆ ಸಾಲಾಗಿ ಕುಳಿತಿದ್ದವು. ಮೌಸು ಒಯ್ದು ಒಂದರ ಮೇಲೆ ಒತ್ತಿದ. ಇಪ್ಪತ್ತೈದು ಎಂದಿತು. ಸಾಮಾನ್ಯ. ಹಿಂದಕ್ಕೆ ಹೋಗಿ ಕನಿಷ್ಠದ ಮನೆಯಲ್ಲಿದ್ದ ಅಂಕಿಯನ್ನು ಗರಿಷ್ಠದ ಮನೆಗೆ, ಅಲ್ಲಿಯದನ್ನು ಇಲ್ಲಿಗೆ ಹಾಕಿದ. ಮತ್ತೆ ಅದೇ ಸೊನ್ನೆ, ಅದೇ ನಡುಮಧ್ಯ. ಎಂಬತ್ತೈದು. ಬೆರಳು ಒಂದು ಕೂದಲಷ್ಟೂ ಆಚೀಚೆ ಆಗಿರಲಿಲ್ಲ. ವಾರಗಟ್ಟಲೆ ಎಷ್ಟು ಸೂಕ್ಷ್ಮವಾಗಿ ಒತ್ತಿದ್ದ, ಒತ್ತಿದ್ದೆಲ್ಲ ಸರಿಯಾಗಿಯೇ ಒತ್ತಿದ್ದ. ಎಂಬತ್ತೈದೆಂದರೆ ಪಕ್ಕದಲ್ಲಿ ಲಾರಿ ಹಾದರೂ ನೆಲ ನಡುಗಿದ್ದಷ್ಟೇ ತಿಳಿಯುವ ಕಿವಿ. ಕೂಸಿನ ಅಳು ಅದಕ್ಕೆ ಯಾವ ಮೂಲೆಗೆ. ಅವನಿಗೆ ಅಳು ಬಂತು, ಬಾಂಡಲೆಯ ಮೇಲೆ ಕುಳಿತು ಅಳುವುದು ಹಾಸ್ಯಾಸ್ಪದ ಎಂದು ಅದೂ ನಿಂತಿತು. ಈಗಲಾದರೂ ಹೋಗಿ ಹೇಳಬಹುದು. ಇನ್ನೊಂದು ದಾರಿಯೂ ಇತ್ತು. ಆಫೀಸಿಗೆ ಹೋಗಿ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ ಪರಿಷ್ಕೃತ ಪಟ್ಟಿ ಎಂದು ಕಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಂತ್ರಗಳು ಮುಂದಿನ ವರ್ಷ ಮತ್ತೆ ಬರುತ್ತವೆ, ಬಂದರೆ. ಅಷ್ಟರಲ್ಲಿ ಕೂಸು ನಡೆಯಲು ಕಲಿತು ತಾನೇ ಅಜ್ಜಿಯ ತೊಡೆ ಹತ್ತಬಹುದು. ಹೀಗೆಲ್ಲ ಯೋಚಿಸುತ್ತ ಚಿತ್ರಾನ್ನದ ತಟ್ಟೆ ಖಾಲಿ ಮಾಡಿದ. ಹಸಿವಿಗೆ ನಾಚಿಕೆ ಎಲ್ಲಿಯದು. ಹೊರಗೆ ಬಂದಾಗ ಪೆಟ್ಟಿಗೆ ಖಾಲಿಯಾಗಿತ್ತು, ಶಾಲಿನವರು ಕಾರು ಹತ್ತುತ್ತಿದ್ದರು.

ಬಳ್ಳಾರಿಗೆ ನೇರ ಹೋಗುವ ಬಸ್ಸು ತಪ್ಪಿತು. ಸುತ್ತಿ ಬಳಸಿ ಕುರುಗೋಡಿನ ಮೇಲೆ ಹೋಗುವುದನ್ನು ಹತ್ತಿದ. ಇದ್ದ ಒಂದೇ ಖಾಲಿ ಸೀಟಿನ ಪಕ್ಕ ಕಿಟಕಿಗೆ ಆತು ಕುಳಿತವಳು ಜಡೆಮ್ಮ. ನಿಂತೇ ಹೋಗೋಣವೆಂದುಕೊಂಡ, ಆದರೆ ಕಾಲು ಸೋತಿದ್ದವು. ಆಕೆ ಅವನನ್ನು ಗುರುತಿಸಿ ಸೆರಗು ಎಳೆದುಕೊಂಡು ಜಾಗ ಮಾಡಿಕೊಟ್ಟಳು. ಬೈಯಲಿಲ್ಲ. ಕೈಯಲ್ಲಿ ಚೀಟಿಯೂ ಇರಲಿಲ್ಲ. ಗದ್ದೆಗಳ ಹಸಿರು ಕಿಟಕಿಯಲ್ಲಿ ಓಡುತ್ತಿತ್ತು, ಬಸ್ಸಿನ ತಗಡೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿತ್ತು. ಆ ಸದ್ದಿನ ಮರೆಯಲ್ಲಿ ಅವನಿಗೆ ಧೈರ್ಯ ಬಂತು. “ಅಜ್ಜಿ,” ಎಂದ ಮೆಲ್ಲಗೆ, “ನಿಮ್ಮ ಕಿವಿ ಕೆಟ್ಟದ್ದು ಖರೆ. ತಪ್ಪು ನಂದ. ಗ್ರಾಫ್ ಉಲ್ಟಾ ಓದಿದ್ನಿ. ಕೇಳಬೇಕಾಗಿತ್ತು, ಕೇಳಲಿಲ್ಲ.” ಜಡೆಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದು ತಲೆಯಾಡಿಸಿದಳು. ಜಂಬುನಾಥನ ಎದೆಯಿಂದ ಮೂಟೆಯೊಂದು ಇಳಿದಂತಾಯಿತು. ಹೇಳಿದೆ. ಆಕೆ ಹೂಂ ಅಂದಳು. ತೆಕ್ಕಲಕೋಟೆಯ ಕಲ್ಲುಗುಡ್ಡಗಳು ಕಾಣುವವರೆಗೂ ಅವನು ಹಗುರಾಗಿ ಕುಳಿತಿದ್ದ, ಗಾಳಿಗೆ ಕಣ್ಣು ಕೂಡ ಮುಚ್ಚಿತ್ತು.

“ಎಲ್ಲಿಗವ್ವಾ?” ಕಂಡಕ್ಟರು ಬಂದು ಕೇಳಿದ. ಜಡೆಮ್ಮ ತಲೆಯಾಡಿಸಿದಳು.

“ಎಲ್ಲಿಗೆ ಅಂದ್ನಿ. ಬಳ್ಳಾರಿಗೇನು?” ತಲೆಯಾಡಿಸಿದಳು.

“ಎಕ್ಕಡಿಕಮ್ಮಾ?” ತೆಲುಗಿನವಳಿರಬೇಕೆಂದು ಅವನು ಭಾಷೆ ಬದಲಿಸಿದ. ಅದಕ್ಕೂ ತಲೆಯಾಡಿಸಿದಳು, ಇನ್ನಷ್ಟು ವಿನಯದಿಂದ. ಹಿಂದಿನ ಸೀಟಿನಲ್ಲಿ ನಗೆ ಎದ್ದಿತು. “ಫ್ರೀ ಟಿಕೆಟ್ ಅಂದ್ರ ಹಿಂಗ, ಎಲ್ಲಿ ಇಳಿಯಾದು ಅಂತನೂ ಖಬರ್ ಇರಂಗಿಲ್ಲ,” ಎಂದು ಯಾರೋ ಅಂದರು. ಜಂಬುನಾಥ ಕಣ್ಣು ಬಿಟ್ಟಿದ್ದ. ತನಗೆ ಸಿಕ್ಕಿದ್ದ ಕ್ಷಮೆ ಕಂಡಕ್ಟರನಿಗೂ ಮೂರು ಸಲ ಸಿಕ್ಕಿತ್ತು. ಅಪ್ಪನ ಹೂಂ ಎಂಥದ್ದೆಂದು ಗೊತ್ತಿದ್ದ ತನಗೇ ಇಷ್ಟು ಬೇಗ ಅದು ಬೇಕಾಗಿಬಂತಲ್ಲ ಎಂದು ತನ್ನ ಮೇಲೆ ಹೇಸಿಗೆ ಹುಟ್ಟಿತು.

“ಕುರುಗೋಡಿಗೆ ಕೊಡ್ರಿ. ಆಕಿಗೆ ಕೇಳಂಗಿಲ್ಲ,” ಎಂದ.

“ಹಂಗಾರ ಇವತ್ತು ಸಿರುಗುಪ್ಪದಾಗ ಮಷಿನ್ ಕೊಟ್ರಲ್ಲ, ತಗಳ್ಳಿಲ್ಲೇನು?” ಟಿಕೆಟ್ಟು ಹರಿದುಕೊಟ್ಟು ಕಂಡಕ್ಟರು ಮುಂದೆ ಹೋದ.

ಜಂಬುನಾಥ ಆಕೆಯ ಕಿವಿಗೆ ಬಾಗಿದ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಗಂಟಲು ಬಿರಿಯುವಂತೆ ಕೂಗಿದ. “ನಿಮಗ ಕಿವಿ ಕೇಳಂಗಿಲ್ಲ! ಖರೇನ ಕೇಳಂಗಿಲ್ಲ! ತಪ್ಪು ಬರದೋನು ನಾನು!” ಬಸ್ಸಿನ ತಲೆಗಳೆಲ್ಲ ತಿರುಗಿದವು. ಡ್ರೈವರು ಕನ್ನಡಿಯಲ್ಲಿ ನೋಡಿದ. ನಾಚಿಕೆ ಮೈತುಂಬ ಹರಿಯಿತು, ಹರಿದು ಅಲ್ಲೇ ನಿಂತಿತು, ಸಾಯಿಸಲಿಲ್ಲ. ಜಡೆಮ್ಮ ಈ ಸಲ ತಲೆಯಾಡಿಸಲಿಲ್ಲ. ಸೊಂಟದ ಚೀಲದಿಂದ ಒಂದು ಹಳೆಯ ಬಟನ್ ಫೋನು ತೆಗೆದಳು, ಒಂದು ಗುಂಡಿ ಒತ್ತಿ ಹಿಡಿದು ಅವನ ಕೈಗೆ ತುರುಕಿದಳು. “ಸರೋಜಾಗ ಹೇಳು,” ಎಂದಳು. “ನನಗ ಹೇಳಿ ಏನು ಮಾಡ್ತಿ. ನನಗ ಗೊತ್ತಿಲ್ಲೇನು.”

ಫೋನೆತ್ತಿದ ಹೆಂಗಸಿನ ದನಿ ಅವಸರದ್ದು. ಅವನು ಶಿಬಿರದವನೆಂದು ಹೇಳಿಕೊಂಡ. “ನಿಮ್ಮ ಅತ್ತಿಯವರ ರಿಪೋರ್ಟ್ ತಪ್ಪು ಬಂದೇತಿ. ಅವರಿಗೆ ಕಿವಿ ಕೇಳಂಗಿಲ್ಲ. ಮಷಿನ್ ತಪ್ಪು ಮಾಡೇತ್ರಿ.”

“ಮಷಿನ್ ತಪ್ಪು ಮಾಡೇತಿ?” ಸರೋಜಾ ಅಂದಳು. “ಅವತ್ತು ತಪ್ಪು ಹೇಳಿದ ಮಷಿನ್ನು ಇವತ್ತು ಖರೆ ಹೇಳ್ತತಿ ಅಂತ ನಾ ಹೆಂಗ ನಂಬ್ಲಿ? ಆಕಿ ಅಳಕಂತ ಬಂದು ನಿಮ್ಮ ಮುಂದ ಕುಂತಿರಬೇಕು, ಪಾಪ ಅಂತ ಹೇಳಾಕತ್ತೀರಿ.”

ಮಾತು ಸರಿಯಾಗಿಯೇ ಇತ್ತು. ಜಂಬುನಾಥ ಪಕ್ಕಕ್ಕೆ ನೋಡಿದ. ಜಡೆಮ್ಮನ ಕೆಂಪು ಕಣ್ಣು ಅವನ ತುಟಿಗಳ ಮೇಲೆ ನಿಂತಿದ್ದವು. ತಾನು ಏನು ಹೇಳಿದರೂ ಆಕೆಗೆ ತಿಳಿಯದು, ಹೇಳಿದನೋ ಇಲ್ಲವೋ ಎಂಬುದೂ ತನಗೊಬ್ಬನಿಗೇ ಗೊತ್ತಿರುವುದು. ಆದರೂ ಆಕೆ ಒಂದು ಅಕ್ಷರ ಬಿಡದೆ ನೋಡುತ್ತಿದ್ದಳು. ಇದೇ ಮಾತನ್ನು ಸುಮಂಗಲಾಗೂ ಹೇಳಬೇಕಾಗುತ್ತದೆ, ಸಂಜೆಯೊಳಗೆ, ಸಣ್ಣ ದನಿಯಲ್ಲಿ ಹೇಳಿದರೂ ಕೇಳುವ ಕಿವಿಗೆ. ಅದು ಇನ್ನೂ ಕಷ್ಟ.

“ಮಷಿನ್ ಅಲ್ಲವ್ವ, ನಾನು,” ಎಂದ. “ನಾನು ಉಲ್ಟಾ ಹಾಕಿದ್ನಿ. ಹಾಕುವಾಗ ಸಂಶೇ ಬಂದಿತ್ತು. ಕೇಳಿದ್ರ ಸಣ್ಣವ ಆಗ್ತೀನಿ ಅಂತ ಕೇಳಲಿಲ್ಲ. ನಿಮ್ಮ ಅತ್ತಿ ಸುಳ್ಳು ಹೇಳಿಲ್ಲ. ಕೂಸು ಅತ್ತದ್ದು ಅವರಿಗೆ ಕೇಳೇ ಇಲ್ಲ.”

ಕರೆ ತುಂಡಾಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿದ. ಆಗ ಕೇಳಿಸಿತು, ದೂರದಲ್ಲಿ, ಯಾವುದೋ ಕೋಣೆಯೊಳಗೆ, ಎಳೆಯ ಕೂಸಿನ ಅಳು.

“ಏನಂದ್ಲು?” ಜಡೆಮ್ಮ ಕೇಳಿದಳು.

“ಏನೂ ಅಂದಿಲ್ಲ! ಕೂಸು ಅಳಾಕತ್ತೇತಿ!”

ಜಡೆಮ್ಮ ಫೋನನ್ನು ಕಿತ್ತುಕೊಂಡು ಬಾಯಿಗಿಟ್ಟು ಒದರಿದಳು. “ಲೇ ಸರೋಜಾ, ಕೂಸು ಅಳಾಕತ್ತೇತಂತ, ಎತ್ಗಳೇ!” ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಫೋನನ್ನು ಮತ್ತೆ ಅವನ ಕೈಗೆ ಕೊಟ್ಟಳು. ಅವನು ಕಿವಿಗಿಟ್ಟುಕೊಂಡ. ಅತ್ತ ಸರೋಜಾ ಮೂಗೆಳೆದಳು. “ಹಿಟ್ಟಿನ ಕೈ ಅದಾವು ನನ್ನವು,” ಎಂದಳು. “ಆಕಿನ ಬಂದು ಎತ್ಗಳ್ಳಿ ಅನ್ರಿ.”

ಜಂಬುನಾಥ ಬಾಗಿ ಕೂಗಿದ. “ನೀವ ಬಂದು ಎತ್ಗಬೇಕಂತ!”

ಜಡೆಮ್ಮ ತಲೆಯಾಡಿಸಲಿಲ್ಲ. ಆಕೆಯ ಕಣ್ಣು ಅವನ ಬಾಯಿಯಿಂದ ಕದಲಲಿಲ್ಲ.

“ಇನ್ನೊಮ್ಮಿ ಹೇಳು,” ಎಂದಳು.